ಹೆಳವರ ಪುಸ್ತಕಕ್ಕೆ ಸೇರಿದ ಇಂಗ್ಲೆಂಡಿನ ಮನೆ

ಕಳೆದ ವರ್ಷ ಸಂಕ್ರಾಂತಿಯ ಮರುದಿನ, ಮನೆಮನೆಗೆ ಹೋಗಿ ವಂಶಾವಳಿ ಹೇಳುವ ಹೆಳವರು ಬೆಟಗೇರಿಯ ನಮ್ಮ ಓಣಿಯಲ್ಲಿ ಮೊದಲ ಬಾರಿಗೆ ನರ್ಸ್‌ಬಾಯಿಯ ಕಟ್ಟೆಯ ಮೇಲೆ ಕುಳಿತರು. ಅಲ್ಲಿಯವರೆಗೆ ಆ ಮನೆಯನ್ನು ದಾಟಿ ಹೋಗುತ್ತಿದ್ದರು. ನರ್ಸ್‌ಬಾಯಿಯ ಮುತ್ತಜ್ಜ ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿನ ಯಂತ್ರ ಕೂಡಿಸಲು ಇಂಗ್ಲೆಂಡಿನಿಂದ ಬಂದು, ಇಲ್ಲೇ ಮದುವೆಯಾಗಿ ಉಳಿದವನು. ಅವನ ಹಿಂದಿನವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ತಮ್ಮ ವಂಶವನ್ನೂ ಹೆಳವರು ಹೇಳಬೇಕೆಂಬುದು ನರ್ಸ್‌ಬಾಯಿಯ ಬಹುದಿನದ ಆಸೆ.

ಆದರೆ ನರ್ಸ್‌ಬಾಯಿ ಕೇಳಿದ್ದನ್ನು ಸುಮ್ಮನೆ ನಂಬುವವರಲ್ಲ. ಕನ್ನಡಕವನ್ನು ಹಣೆಗೇರಿಸಿ, "ಬರದದ್ದು ಎಲ್ಲೈತಿ, ತೋರಸ್ರಿ" ಎನ್ನುತ್ತಿದ್ದರು. ಮುತ್ತಜ್ಜ ದೊಡ್ಡ ಸಾಹೇಬನ ಮಗ ಎಂಬ ಮನೆಯವರ ಮಾತಿಗೂ ಅದೇ ಉತ್ತರ. ನಿವೃತ್ತಿಯ ನಂತರ ಎರಡು ವರ್ಷ ಇಂಟರ್‌ನೆಟ್‌ನಲ್ಲಿ ಇಂಗ್ಲೆಂಡಿನ ಹಳೆಯ ಜನಗಣತಿಯ ಹಾಳೆಗಳನ್ನು ಜಾಲಾಡಿ, ಅಪ್ಪ, ಅವ್ವ, ಆರು ಮಕ್ಕಳಿದ್ದ, ಮುತ್ತಜ್ಜ ಹುಟ್ಟಿದ ಮನೆಯನ್ನು ಕಂಡುಹಿಡಿದರು.

ನರ್ಸ್‌ಬಾಯಿ ಕೊಟ್ಟ ಆ ಹಾಳೆಯ ಪ್ರಿಂಟನ್ನು ಹಿರಿಯ ಹೆಳವರು ತಿರುಗಿಸಿ ನೋಡಿದರು. "ಅಪ್ಪನ ಕಸಬು ಏನ್ರಿ, ಬಾಯಾರ?"

"ಕಮ್ಮಾರ."

"ಸಾಹೇಬ ಅಂತ ಬರೀಲೇನ್ರಿ? ಕೇಳಾಕ ಚಂದ ಇರತೈತಿ," ಎಂದು ಹೆಳವರು ನಕ್ಕರು.

"ಕಮ್ಮಾರ ಅಂತನ ಬರೀರಿ. ಕಬ್ಬಿಣ ಬಡದು ಆರು ಮಕ್ಕಳನ್ನ ಬೆಳಸ್ಯಾನ. ಗಟ್ಟಿಯಾಗಿ ಓದ್ರಿ, ಓಣಿಗೆಲ್ಲಾ ಕೇಳ್ಲಿ."

ಹೆಳವರು ಬರೆದುಕೊಂಡು, ಎಂಟೂ ಹೆಸರುಗಳನ್ನು ಗಟ್ಟಿಯಾಗಿ ಓದಿದರು. ನರ್ಸ್‌ಬಾಯಿ ಕೊನೆಯ ಹೆಸರಿನವರೆಗೂ ನಿಂತೇ ಕೇಳಿದರು.

ಆ ಬೇಸಿಗೆಯಲ್ಲಿ ಅವರು ಮಗಳ ಊರಾದ ಲಕ್ಷ್ಮೇಶ್ವರಕ್ಕೆ ಹೋಗಿ ನೆಲೆಸಿದರು. ಈ ಸಂಕ್ರಾಂತಿಗೆ ಬಂದ ಹೆಳವರು ಬೀಗ ಹಾಕಿದ ಮನೆಯನ್ನು ಕಂಡು, ನನ್ನಿಂದ ಹೊಸ ವಿಳಾಸ ಬರೆಸಿಕೊಂಡು, ಲಕ್ಷ್ಮೇಶ್ವರದ ಬಸ್ ಹತ್ತಿದರು.