ದೊಡ್ಡಕ್ಷರದ ವೆಂಕಟರಾಯಪ್ಪ

“ರಾಂಗ್. ರೀಡೂ.”

ತಪ್ಪು, ಮತ್ತೆ ಮಾಡು. ಇಷ್ಟೇ ಪತ್ರ. ‘ಡಿಯರ್’ ಇಲ್ಲ, ‘ರಿಗಾರ್ಡ್ಸ್’ ಇಲ್ಲ. ಅದೂ ಇಂಗ್ಲಿಷಿನ ಕ್ಯಾಪಿಟಲ್ ಅಕ್ಷರಗಳಲ್ಲಿ. ಭಾನುವಾರ ಬೆಳಿಗ್ಗೆ ಮುಳಬಾಗಿಲು ಬಸ್ ಸ್ಟ್ಯಾಂಡ್ ಹಿಂದಿನ ಸೈಬರ್ ಸೆಂಟರಿನಲ್ಲಿ ಕೂತು ಇದನ್ನು ಓದುತ್ತಿದ್ದೆ. ಅಂಗಡಿಯ ಬಾಬು ನನ್ನ ಭುಜದ ಮೇಲಿಂದ ಇಣುಕಿದ.

“ಏನ್ ಸಾರ್, ಯಾರೋ ಸರಿಯಾಗಿ ಉಗಿದಂಗದೆ?”

“ಹೂಂ.”

“ಸಂಬಳ ಕೊಡೋರಾ?”

“ಇಲ್ಲಪ್ಪ.”

“ಮತ್ತೆ ನೀವೇ ದುಡ್ಡು ಕೊಟ್ಟು ಉಗಿಸ್ಕೊಳ್ಳೋಕೆ ಬರ್ತೀರಾ?”

ಅವನಿಗೆ ಹೇಳಲಾಗಲಿಲ್ಲ. ನಿಮಗೆ ಹೇಳುತ್ತೇನೆ.

ನಾನು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವನು ಎಂಬುದು ಈ ಅಂಕಣ ಓದುವ ನಿಮಗೆ ಗೊತ್ತು. ವಾರದ ಕೊನೆಗೆ ನನಗೊಂದು ಹುಚ್ಚು ಹಿಡಿಯುತ್ತದೆ ಎಂಬುದು ಗೊತ್ತಿಲ್ಲ. ಓಪನ್ ಸೋರ್ಸ್ ಅಂತ ಒಂದು ಬಗೆಯ ಸಾಫ್ಟ್‌ವೇರ್ ಇದೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಬಿಚ್ಚಿ ನೋಡಬಹುದು, ರಿಪೇರಿ ಮಾಡಿ ವಾಪಸ್ ಕೊಡಬಹುದು. ಅಂಥದ್ದೊಂದನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ನಾವು ಒಂದಷ್ಟು ಜನ ಕೂತಿದ್ದೇವೆ. ಒಟ್ಟಿಗೆ ಕೂತಿಲ್ಲ. ಒಬ್ಬರ ಮುಖ ಒಬ್ಬರು ನೋಡಿಯೂ ಇಲ್ಲ. ಇರುವುದು ಒಂದು ಮೇಲಿಂಗ್ ಲಿಸ್ಟ್, ಅಷ್ಟೇ. ಒಬ್ಬರು ಬರೆದ ಪತ್ರ ಎಲ್ಲರಿಗೂ ಹೋಗುತ್ತದೆ. (ಕನ್ನಡದಲ್ಲಿ ಬರೆದರೆ ಅರ್ಧ ಜನಕ್ಕೆ ಬರೀ ಪ್ರಶ್ನೆ ಚಿಹ್ನೆಗಳು ಕಾಣುತ್ತವೆ. ಹಾಗಾಗಿ ಕನ್ನಡದ ಬಗ್ಗೆ ನಾವು ಜಗಳವಾಡುವುದು ಇಂಗ್ಲಿಷಿನಲ್ಲಿ!)

ಊರಿನಲ್ಲಿ ಇದನ್ನು ಮಾತಾಡಲು ನನಗೆ ಯಾರೂ ಇಲ್ಲ. ಸ್ಟಾಫ್ ರೂಮಿನಲ್ಲಿ ಒಮ್ಮೆ ಬಾಯಿ ಬಿಟ್ಟಿದ್ದೆ. ಸೈಟಿನ ರೇಟಿನ ಮಾತು ಗಳಿಗೆ ಹೊತ್ತು ನಿಂತಿತು, ಎಲ್ಲರೂ ನನ್ನನ್ನು ನೋಡಿದರು, ಮತ್ತೆ ಸೈಟಿನ ಮಾತು ಶುರುವಾಯಿತು. ಅಂದಿನಿಂದ ಸುಮ್ಮನಿದ್ದೇನೆ. ಒಂಟಿ ಎನ್ನಿಸುವುದಕ್ಕೆ ಕಾಡಿಗೇ ಹೋಗಬೇಕೆಂದೇನೂ ಇಲ್ಲ.

ಲಿಸ್ಟಿನಲ್ಲಾದರೂ ಜನ ಇದ್ದರು. ಮೈಸೂರಿನ ಸುಧೀಂದ್ರ ಅಲ್ಲಿನ ಕೋಆರ್ಡಿನೇಟರ್. ಯಾರು ಏನು ಕಳಿಸಿದರೂ ‘ನೈಸ್ ವರ್ಕ್’ ಎನ್ನುವ ಒಳ್ಳೆಯ ಮನುಷ್ಯ. ಇನ್ನೊಬ್ಬರು ಆ ‘ರಾಂಗ್. ರೀಡೂ’ ಬರೆದ ವೆಂಕಟರಾಯಪ್ಪ. ಯಾವೂರು, ಎಷ್ಟು ವಯಸ್ಸು, ಯಾರಿಗೂ ಗೊತ್ತಿರಲಿಲ್ಲ. ನಾವು ಕಳಿಸಿದ ಪ್ರತಿ ಸಾಲನ್ನೂ ಓದುತ್ತಿದ್ದವರು ಅವರೊಬ್ಬರೇ. ಓದಿ ಉಗಿಯುತ್ತಿದ್ದರು. ‘ಇದನ್ನು ನೀವು ನಿಜವಾಗಿಯೂ ಅಳಿಸಲು ಇಚ್ಛಿಸುವಿರಾ?’ ಎಂದು ನಾನು ಮುತುವರ್ಜಿಯಿಂದ ಅನುವಾದಿಸಿದ ಸಾಲಿಗೆ ಅವರ ಉತ್ತರ: “ಟೂ ಲಾಂಗ್. ಕಟ್.” ಕೆಳಗೆ ಅವರದೇ ತಿದ್ದುಪಡಿ: ‘ಅಳಿಸಲೇ?’

ಮೈ ಉರಿಯಿತು. ಆದರೆ ಸರಿಯಾಗಿತ್ತಲ್ಲ, ಏನು ಮಾಡುವುದು?

ಇನ್ನೊಂದು ವಿಷಯ. ಇಂಟರ್‌ನೆಟ್ಟಿನಲ್ಲಿ ಎಲ್ಲವನ್ನೂ ಕ್ಯಾಪಿಟಲ್ ಅಕ್ಷರದಲ್ಲಿ ಬರೆದರೆ ಎದುರಿನವರ ಮೇಲೆ ಕಿರುಚಿದಂತೆ. ಅಲ್ಲಿ ಪಳಗಿದವರಿಗೆಲ್ಲ ಇದು ಗೊತ್ತು. ವೆಂಕಟರಾಯಪ್ಪನವರು ಬರೆದದ್ದೆಲ್ಲ ದೊಡ್ಡಕ್ಷರವೇ. ಅಂದರೆ ಆ ಮನುಷ್ಯ ವರ್ಷಗಟ್ಟಲೆ ಒಂದೇ ಸಮನೆ ನಮ್ಮ ಮೇಲೆ ಕಿರುಚುತ್ತಿದ್ದರು.

ಮೊನ್ನೆ ದಾವಣಗೆರೆಯ ಶ್ರುತಿ ಎಂಬ ಹುಡುಗಿ ಹೊಸದಾಗಿ ಸೇರಿದಳು. ಉತ್ಸಾಹದಿಂದ ಒಂದು ಫೈಲನ್ನು ತಿದ್ದಿ ಕಳಿಸಿದಳು. ವೆಂಕಟರಾಯಪ್ಪ ಬರೆದರು: “ವೈ ಯೂ ಟಚ್ಡ್ ದಿಸ್ ಫೈಲ್.” ಅವಳು ಮಾರನೇ ದಿನವೇ ಲಿಸ್ಟ್ ಬಿಟ್ಟಳು.

ಸುಧೀಂದ್ರ ಎಲ್ಲರಿಗೂ ಬರೆದ. ಕಷ್ಟದ ಮನುಷ್ಯರನ್ನು ಹ್ಯಾಂಡಲ್ ಮಾಡುವುದಕ್ಕೆ ಒಂದು ಕ್ರಮವಿದೆಯಂತೆ. ಮೊದಲು ಕಡೆಗಣಿಸಿ. ಆಮೇಲೆ ಖಾಸಗಿಯಾಗಿ ತಿಳಿಸಿ. ಅದಕ್ಕೂ ಬಗ್ಗದಿದ್ದರೆ ಲಿಸ್ಟಿನಿಂದ ತೆಗೆದುಹಾಕಿ. ‘ತೆಗೆಯೋಣವೇ?’ ಎಂದು ಕೇಳಿದ್ದ.

ಅವನದು ತಪ್ಪೆನ್ನಲಾರೆ. ಆದರೂ ಈ ‘ಹ್ಯಾಂಡಲ್’ ಎಂಬ ಮಾತು ನನಗೆ ಒಗ್ಗಲಿಲ್ಲ. ನಮ್ಮ ಬೀದಿಯಲ್ಲೂ ಬೆಳಗಾದರೆ ಕೂಗಾಡುವ ಒಬ್ಬರಿದ್ದಾರೆ. ಅವರಿಗೆ ಶುಗರ್ ಇರುವುದು, ಸೊಸೆಯ ಜೊತೆ ಮಾತು ಬಿಟ್ಟಿರುವುದು, ಸಂಜೆ ಹೊತ್ತಿಗೆ ತಣ್ಣಗಾಗುವುದು, ಎಲ್ಲ ಬೀದಿಗೇ ಗೊತ್ತು. ಲಿಸ್ಟಿನಲ್ಲಿ ಬರುವುದು ಕೂಗು ಮಾತ್ರ. ಕೂಗುವವರು ಬರುವುದಿಲ್ಲ.

‘ಒಂದು ವಾರ ತಡಿ’ ಎಂದು ಸುಧೀಂದ್ರನಿಗೆ ಬರೆದೆ. ವೆಂಕಟರಾಯಪ್ಪನವರಿಗೆ ಬೇರೆಯಾಗಿ, ‘ಸರ್, ತಮ್ಮದು ಯಾವೂರು? ಒಮ್ಮೆ ಮಾತಾಡಬಹುದೇ?’ ಎಂದು ಬರೆದೆ.

ಉತ್ತರ ಬಂತು. “ಶ್ರೀನಿವಾಸಪುರ. ಸಂಡೇ. ಕಮ್.” ಕೆಳಗೆ ವಿಳಾಸ ಮತ್ತು ಫೋನ್ ನಂಬರ್.

ಶ್ರೀನಿವಾಸಪುರ! ಮಾವಿನ ತೋಪುಗಳ ನಡುವೆ ಒಂದು ಬಸ್ಸಿನ ದಾರಿ. ನಮ್ಮಿಬ್ಬರ ಜಗಳ ಮಾತ್ರ ಇಷ್ಟು ವರ್ಷ ಯಾವುದೋ ದೇಶದ ಕಂಪ್ಯೂಟರಿಗೆ ಹೋಗಿ ಬರುತ್ತಿತ್ತು.

ಮುಳಬಾಗಿಲಿನ ಮೇಷ್ಟ್ರು ಎಂದು ಪರಿಚಯ ಬರೆದು ಕಳಿಸಿ, ಹೋದೆ. ಗೇಟಿನಲ್ಲೇ ನಿಂತಿದ್ದರು. ಅರವತ್ತು ದಾಟಿದ, ಬಿಸಿಲಲ್ಲೂ ಸ್ವೆಟರ್ ತೊಟ್ಟ ಸಣಕಲು ಮನುಷ್ಯ.

“ಬನ್ನಿ ಬನ್ನಿ ಮೇಷ್ಟ್ರೇ, ಬಸ್ಸಲ್ಲಿ ಸೀಟು ಸಿಕ್ತಾ? ಆ ರೋಡು ನೋಡಿ, ನಡು ಮುರ್ದೋಗ್ತದೆ. ತಿಂಡಿ ಆಯ್ತಾ? ಆಗಿದ್ರೂ ಇನ್ನೊಂದ್ಸಲ ಆಗ್ಲಿ. ಮೊದ್ಲು ಕೂತ್ಕೊಳ್ಳಿ. ಅಲ್ಲ ಸ್ವಾಮಿ, ಇಷ್ಟ್ ಹತ್ರ ಇದ್ದು ಒಂದ್ ಮಾತು ಹೇಳ್ಬಾರ್ದಾ?”

ನಾನು ತಬ್ಬಿಬ್ಬಾದೆ. ಒಂದೇ ಉಸಿರಿನಲ್ಲಿ ಇಷ್ಟು ಮಾತಾಡುವವರು ಎರಡು ಪದದ ಪತ್ರ ಬರೆಯುತ್ತಾರೆಯೇ?

ಮನೆ ತುಂಬ ಜನ. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು. ಹಾಲಿನಲ್ಲಿ ಜೋರಾಗಿ ತೆಲುಗು ಧಾರಾವಾಹಿ. ಇವರು ಬಾಯಿ ತೆರೆದಾಗಲೆಲ್ಲ ಯಾರೋ ಒಬ್ಬರು “ಉಂಡಂಡಿ” (ಸ್ವಲ್ಪ ಇರಿ) ಎಂದು ಸುಮ್ಮನಾಗಿಸುತ್ತಿದ್ದರು. ನನ್ನನ್ನು ಪಕ್ಕದ ಕೋಣೆಗೆ ಕರೆದೊಯ್ದರು. ಅಲ್ಲಿ ಮಗ ಬಳಸಿ ಬಿಟ್ಟ ಕಂಪ್ಯೂಟರ್, ಅದಕ್ಕೆ ಟವೆಲ್ ಹೊದಿಕೆ.

“ನೋಡಪ್ಪಾ, ಈ ಮನೇಲಿ ನನ್ ಮಾತು ಯಾರ್ಗೂ ಬ್ಯಾಡ. ಇಲ್ಲಿ ಕೂತು ಒಂದ್ ಲೈನ್ ಹಾಕಿದ್ರೆ ಸಾಕು, ಸಂಜೆಯೊಳಗೆ ಯಾರಾದ್ರೂ ತಿರುಗಿ ಬರೀತಾರೆ. ಅದ್ರಲ್ಲೇ ಬದುಕಿದೀನಿ ಅನ್ಕೋ.”

ಅವರು ಟೆಲಿಗ್ರಾಫ್ ಆಫೀಸಿನಲ್ಲಿದ್ದು ರಿಟೈರ್ ಆದವರು. ಅದು ಗೊತ್ತಾದ ಕೂಡಲೇ ನನಗೆ ಎಲ್ಲ ಹೊಳೆಯಿತು. ಆದರೂ ಕೇಳಿದೆ, “ಸರ್, ಯಾಕೆ ಎಲ್ಲಾನೂ ದೊಡ್ಡಕ್ಷರದಲ್ಲೇ ಬರೀತೀರಿ?”

“ನಮ್ ಟೆಲಿಪ್ರಿಂಟರಲ್ಲಿ ಚಿಕ್ಕಕ್ಷರಾನೇ ಇರ್ಲಿಲ್ಲ ಕಣಪ್ಪಾ.”

“ಪ್ಲೀಸ್, ಥ್ಯಾಂಕ್ಸ್, ಒಂದೂ ಹಾಕಲ್ವಲ್ಲ?”

ಅವರು ನಕ್ಕರು. “ಹಳ್ಳಿಯೋರು ಬರೋರು. ‘ತಾಯಿಗೆ ತುಂಬಾ ಹುಷಾರಿಲ್ಲ, ದಯವಿಟ್ಟು ಆದಷ್ಟು ಬೇಗ ಹೊರಟು ಬಾ’ ಅಂತ ಹೇಳೋರು. ಮಾತಿಗಿಷ್ಟು ಅಂತ ಕಾಸು. ಪಾಪ, ಎಲ್ಲಿಂದ ತರ್ತಾರೆ? ನಾನೇ ಹೊಡೆದಾಕ್ತಿದ್ದೆ. ‘ಮದರ್ ಸೀರಿಯಸ್ ಸ್ಟಾರ್ಟ್.’ ಮುಗೀತು. ದಯವಿಟ್ಟು ಅನ್ನೋದು ಅದ್ರೊಳಗೇ ಇರ್ತದಲ್ಲ?”

ಮಾತು ಕತ್ತರಿಸುವುದೇ ಅವರ ಪಾಲಿಗೆ ಜನರಿಗೆ ಮಾಡುವ ಉಪಕಾರವಾಗಿತ್ತು. ಅದನ್ನೇ ಅವರು ನಮಗೂ ಮಾಡುತ್ತಾ ಬಂದಿದ್ದರು.

ಹೇಳಲೇಬೇಕಿತ್ತು, ಹೇಳಿದೆ. ದೊಡ್ಡಕ್ಷರ ಅಂದರೆ ಕಿರುಚುವುದು ಎಂದು. ಶ್ರುತಿ ಯಾಕೆ ಬಿಟ್ಟಳು ಎಂದು. ಲಿಸ್ಟಿನಿಂದ ತೆಗೆಯುವ ಮಾತು ನಡೆದಿದೆ ಎಂದು.

ವೆಂಕಟರಾಯಪ್ಪ ಕಂಪ್ಯೂಟರಿನ ಟವೆಲ್ ತೆಗೆದು ಮಡಿಸಿದರು, ಬಿಚ್ಚಿ ಮತ್ತೆ ಮಡಿಸಿದರು. ಒಳಗಿಂದ ಅವರ ಹೆಂಡತಿ, “ಏಮಂಡಿ, ಕಾಫಿ ಚಲ್ಲಾರಿಪೋತುಂದಿ” ಎಂದು ಕೂಗಿದರು. ಕಾಫಿ ಅದಾಗಲೇ ಆರಿತ್ತು.

“ಆ ಮಗು ಯಾಕೆ ಮುಟ್ತು ಅಂತ ತಿಳ್ಕೊಳ್ಳೋಕೆ ಕೇಳಿದ್ದು ಕಣಪ್ಪಾ. ಕಾರಣ ಇದ್ದಿರ್ತದಲ್ಲ? ಬೈದಿದ್ದಲ್ಲ ಅದು.”

ಆದರೆ ಇದನ್ನೂ ಹೇಳಬೇಕು: ಶ್ರುತಿಯದು ತಪ್ಪಲ್ಲ. ಒಂದು ಸಾಲಿನ ಅರ್ಥ ತಿಳಿಯಲು ದಾವಣಗೆರೆಯ ಹುಡುಗಿ ಶ್ರೀನಿವಾಸಪುರದ ಬಸ್ಸು ಹತ್ತಬೇಕೇ? ಬರೆಯುವವರು ಓದುವವರ ಕಡೆಯಿಂದಲೂ ಒಮ್ಮೆ ನೋಡಬೇಕು. ಅದನ್ನೂ ಅವರಿಗೆ ಹೇಳಿದೆ. ತಲೆಯಾಡಿಸಿದರು.

ಮುಂದಿನ ವಾರ ಲಿಸ್ಟಿಗೆ ಅವರ ಪತ್ರ ಬಂತು. ಪೂರ್ತಿ ಸಣ್ಣಕ್ಷರ! ಇಂಗ್ಲಿಷ್ ಅಕ್ಷರಗಳಲ್ಲಿ ಅವರದೇ ಮಾತಿನ ಕನ್ನಡ. ಮುಗಿಯದಷ್ಟು ಉದ್ದ. ಲಿಸ್ಟ್ ಬಿಟ್ಟುಹೋದ ಶ್ರುತಿಯ ಕ್ಷಮೆ ಕೇಳಿದ್ದರು. ಟೆಲಿಗ್ರಾಫ್ ಆಫೀಸಿನ ಕತೆ ಹೇಳಿದ್ದರು. ಪ್ರತಿಯೊಬ್ಬರ ಹೆಸರು ಹಿಡಿದು ವಿಚಾರಿಸಿಕೊಂಡಿದ್ದರು. ನಿಮ್ಮ ಕಡೆ ಮಳೆ ಆಯಿತೇ, ಮನೆಯಲ್ಲಿ ಯಾರ‍್ಯಾರಿದ್ದೀರಿ, ಮಾವಿನ ಹಣ್ಣಿನ ಕಾಲಕ್ಕೆ ಎಲ್ಲರೂ ಬನ್ನಿ. ಸೈಬರ್ ಸೆಂಟರಿನಲ್ಲಿ ಕೂತು ಎರಡು ಸಲ ಓದಿದೆ. ಅಷ್ಟು ಖುಷಿಯಾಗಿತ್ತು ನನಗೆ.

ತೆಗೆದುಹಾಕುವ ಮಾತು ಬಿದ್ದುಹೋಯಿತು. ಉಳಿದವರು ಯಾರೂ ಏನೂ ಬರೆಯಲಿಲ್ಲ. ಉತ್ತರಿಸಿದ್ದು ಸುಧೀಂದ್ರ ಒಬ್ಬನೇ.

“ಥ್ಯಾಂಕ್ಯೂ ಸರ್. ಲಿಸ್ಟಿನಲ್ಲಿ ಪತ್ರಗಳು ಪ್ಲೀಸ್ ಚಿಕ್ಕದಾಗಿರಲಿ, ಕೆಲಸಕ್ಕೆ ಸಂಬಂಧಿಸಿರಲಿ.” ಕೊನೆಗೆ ಒಂದು ನಗುವ ಮುಖ.

ಆಮೇಲೆ ವೆಂಕಟರಾಯಪ್ಪ ಬರೆಯಲಿಲ್ಲ. ಫೋನ್ ಮಾಡಿದೆ. ಟಿವಿಯ ಸದ್ದಿನ ನಡುವೆ ಅವರ ದನಿ ಸಣ್ಣಗೆ ಕೇಳಿಸಿತು.

“ಇಲ್ಲ ಮೇಷ್ಟ್ರೇ, ಆ ಹುಡುಗ ಹೇಳಿದ್ದು ಸರೀನೇ ಅದೆ. ನಂದೇ ಉದ್ದ ಆಗೋಯ್ತು.”

ಈಗ ನಾನು ಕಳಿಸಿದ್ದೆಲ್ಲ ಇದ್ದ ಹಾಗೇ ಪಾಸಾಗುತ್ತದೆ. ಯಾರೂ ತಿದ್ದುವುದಿಲ್ಲ. ಓದುತ್ತಾರೋ ಇಲ್ಲವೋ, ಅದೂ ಗೊತ್ತಿಲ್ಲ. ಭಾನುವಾರ ಮೇಲ್ ತೆರೆದು ಅವರ ಹೆಸರು ಕಾಣದಿದ್ದಾಗ ಬೇಜಾರಾಗುತ್ತದೆ, ಸುಳ್ಳೇಕೆ ಹೇಳಲಿ?

ಸುಧೀಂದ್ರ ನಿಯಮದ ಪ್ರಕಾರವೇ ನಡೆದುಕೊಂಡ, ನಿಜ. ಆದರೆ ಸಣ್ಣಕ್ಷರ, ಪ್ಲೀಸ್, ನಗುವ ಮುಖ ಎಲ್ಲ ಇದ್ದ ಅವನ ಆ ಉತ್ತರದಷ್ಟು ಜೋರಾಗಿ ನಮ್ಮ ಲಿಸ್ಟಿನಲ್ಲಿ ಇದುವರೆಗೆ ಯಾರೂ ಕಿರುಚಿಲ್ಲ.