ಅರ್ಧ ಚಮಚ ದೊಡ್ಡದಾದ ಎಂಜಿನ್ನು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನಗೆ ಕೂರಲು ಬರುವುದಿಲ್ಲ. ಈಜು ಬರುವುದಿಲ್ಲ, ಹಾರ್ಮೋನಿಯಂ ಬರುವುದಿಲ್ಲ ಎಂದು ಜನ ಹೇಳಿಕೊಳ್ಳುತ್ತಾರಲ್ಲ, ಹಾಗೆ. ಬಸ್ಸು ಚಳ್ಳಕೆರೆ ಗೇಟು ಮುಟ್ಟುವ ಎಷ್ಟೋ ಮೊದಲೇ ಎದ್ದು ಬಾಗಿಲ ಕಂಬಿ ಹಿಡಿದು ನಿಂತಿರುತ್ತೇನೆ. ಮದುವೆ ಮನೆಯಲ್ಲಿ ಪಾಯಸ ಇನ್ನೂ ಎಲೆಯ ಮೇಲೆ ಹರಿಯುತ್ತಿರುವಾಗಲೇ ಕೈ ತೊಳೆಯುವ ನಲ್ಲಿ ಎಲ್ಲಿದೆಯೆಂದು ಕಣ್ಣು ಹುಡುಕುತ್ತದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದೆ. ಅಷ್ಟೂ ವರ್ಷ ಕುರ್ಚಿಯನ್ನು ಕೋಟು ನೇತುಹಾಕಲು ಮಾತ್ರ ಬಳಸಿದೆ. ನಿವೃತ್ತಿಯಾದ ಮೇಲೆ ಮನೆಯಲ್ಲಿ ನನ್ನ ಓಡಾಟ ನೋಡಲಾರದೆ ನನ್ನ ಹೆಂಡತಿ ಶಾರದ ಒಂದು ದಿನ ಕೈ ಮುಗಿದೇಬಿಟ್ಟಳು. "ರೀ, ಒಂದ್ ಕಡೆ ಕುಂತ್ಕಳ್ರಿ. ನಿಮ್ಮನ್ನ ನೋಡಿ ನೋಡಿ ನನಗೆ ಕಾಲು ನೋಯ್ತೈತೆ."

ಇಂಥವನ ಕೈಗೆ ಒಂದು ಹಳೆಯ ಮೋಟಾರ್ ಸೈಕಲ್ಲು ಬಂದದ್ದು ವಿಧಿಯ ಕುಚೇಷ್ಟೆ. ಜೋಡಿ ಸೈಲೆನ್ಸರಿನ, ಕೊಬ್ಬಿದ ಟ್ಯಾಂಕಿನ, ಪೆಟ್ರೋಲಿಗೆ ಆಯಿಲ್ ಬೆರೆಸಿ ಕುಡಿಸಬೇಕಾದ ಗಾಡಿ. ಸ್ಟಾರ್ಟ್ ಮಾಡಲು ಒದೆಯುವ ಕಡ್ಡಿಯನ್ನೇ ಮುಂದಕ್ಕೆ ಮಡಿಸಿದರೆ ಅದೇ ಗೇರು. ಇದು ನನ್ನ ಸೋದರಮಾವ ಈರಣ್ಣನವರದು. ಮದಕರಿಪುರದ ಕುರಿಗಾರರ ಮನೆಯಲ್ಲಿ ಹುಟ್ಟಿ, ಕುರಿ ಬಿಟ್ಟು ನೀರು ಕಾಯಲು ಹೋದವರು. ಮಾರಿಕಣಿವೆಯ ನಾಲೆಗಳಲ್ಲಿ ತೂಬು ಎತ್ತಿ ಇಳಿಸುವ ಕೆಲಸ ಅವರದು. ಇಡೀ ನೌಕರಿಯನ್ನು ಇದೇ ಗಾಡಿಯ ಮೇಲೆ ಮುಗಿಸಿದರು. ಕಣ್ಣು ಪೂರ್ತಿ ಹೋದ ಮೇಲೆ ಬೀಗದ ಕೈ ನನ್ನ ಅಂಗೈಗೆ ಹಾಕಿ ಉಪದೇಶ ಮಾಡಿದರು: "ಲೇ, ಇದನ್ನ ನಲವತ್ತರ ಮ್ಯಾಲೆ ಓಡಿಸಿದೋನಲ್ಲ ನಾನು. ನೀನು ಆತುರಗೇಡಿ. ನೋಡ್ಕಂಡು ಓಡ್ಸು."

ಇರಲಿ. ಈ ಸಲ ಮಾರಿಕಣಿವೆ ಕೋಡಿ ಬಿತ್ತು. ಹೊರಗಿನವರಿಗೆ ಇದರ ಮಹತ್ವ ತಿಳಿಯುವುದು ಕಷ್ಟ. ನಮ್ಮ ಕಡೆ ಆ ಜಲಾಶಯ ತುಂಬುವುದೇ ಅಪರೂಪ. ತುಂಬಿ ಕೋಡಿ ಹರಿಯುವುದನ್ನು ನೋಡದೆ ಕಣ್ಣು ಮುಚ್ಚಿದ ತಲೆಮಾರುಗಳಿವೆ. ಮಾವ ಅಷ್ಟು ವರ್ಷ ಅದೇ ನೀರಿನ ದಡದಲ್ಲಿ ಓಡಾಡಿದವರು, ಒಂದು ಸಲವೂ ನೋಡಿರಲಿಲ್ಲ. ಈಗ ನೋಡಲು ಕಣ್ಣಿಲ್ಲ. "ಕೇಳಕ್ಕೆ ಕಿವಿ ಅವೆ. ಕರ್ಕಂಡು ಹೋಗು" ಎಂದರು. ಅವರ ಮಗನ ಕಾರಿತ್ತು. ಬೇಡವಂತೆ. "ಕಾರಲ್ಲಿ ಕಿಟಕಿ ಹಾಕಿ ಕುಂದ್ರಿಸ್ತೀರಿ, ಯಾವ ಊರು ಹೋತು ಯಾವ ಊರು ಬಂತು ಗೊತ್ತಾಗಲ್ಲ. ನನ್ನ ಗಾಡೀಲೇ ಹೋಗಾಣ."

ಹೊರಟೆವು. ಮದಕರಿಪುರ ದಾಟಿ ಮೊದಲನೇ ಏರಿಗೇ ಗಾಡಿ ಏದುಸಿರು ಬಿಟ್ಟು ನಿಂತಿತು. ಮಾವ ಇಳಿದು, ನನ್ನ ಅಂಗಿಯ ತುದಿ ಹಿಡಿದುಕೊಂಡು, ಏರು ಹತ್ತಿದರು. ಎಂಬತ್ತು ದಾಟಿದ ಕುರುಡು ಮುದುಕರನ್ನು ನಡೆಸಿ, ಮೋಟಾರ್ ಸೈಕಲ್ಲನ್ನು ತಳ್ಳಿಕೊಂಡು ಹೋದ ನನಗೆ ಆ ದಿನ ಎದುರು ಸಿಕ್ಕವರೆಲ್ಲ ನಮಸ್ಕಾರ ಮಾಡಿದರು. ನಾಚಿಕೆಯಿಂದ ನೆಲ ಬಾಯಿಬಿಡಬಾರದೆ ಅನ್ನಿಸಿತು.

ಏರಿನಿಂದಲೇ ಮನೆಗೆ ಮರಳಿದೆವು. ಮರುದಿನವೇ ಗಾಡಿಯನ್ನು ದುರ್ಗದ ತಿಪ್ಪೇಸ್ವಾಮಿಯ ಗ್ಯಾರೇಜಿಗೆ ತಳ್ಳಿದೆ. ತಿಪ್ಪೇಸ್ವಾಮಿ ಇಂಥ ಗಾಡಿಗಳ ಎರಡನೇ ತಲೆಮಾರಿನ ವೈದ್ಯ. ಅವನ ಅಪ್ಪನೂ ಇದೇ ಅಂಗಡಿಯಲ್ಲಿ ಇದೇ ಕೆಲಸ ಮಾಡಿದವನು. ಎಂಜಿನ್ ಬಿಚ್ಚಿ, ಸಿಲಿಂಡರಿನೊಳಗೆ ಬೆರಳಾಡಿಸಿ ಹೇಳಿದ: "ಸವೆದೈತೆ ಮೇಷ್ಟ್ರೇ. ಬೋರ್ ಮಾಡ್ಸಿ ಮುಂದಿನ ಸೈಜ್ ಪಿಸ್ಟನ್ ಹಾಕಾಣ." ಬೋರ್ ಮಾಡಿಸುವುದು ಎಂದರೆ ಸಿಲಿಂಡರಿನ ಒಳಗೋಡೆಯನ್ನು ಕೊರೆದು ನುಣುಪು ಮಾಡಿ ಸ್ವಲ್ಪ ಅಗಲ ಮಾಡುವುದು, ಆ ಅಗಲಕ್ಕೆ ತಕ್ಕ ದಪ್ಪ ಪಿಸ್ಟನ್ ಹಾಕುವುದು. ಹೀಗೆ ಕಾಲು ಕಾಲು ಮಿಲಿಮೀಟರಿನಂತೆ ನಾಲ್ಕು ಸಲ ದೊಡ್ಡದು ಮಾಡಬಹುದು. ನಾಲ್ಕಾದ ಮೇಲೆ ಗೋಡೆ ತೆಳುವಾಗಿ ಬ್ಲಾಕು ಗುಜರಿಗೆ.

ನಮ್ಮ ಕೋಟೆಯೂ ಹೀಗೆಯೇ ದೊಡ್ಡದಾದದ್ದು. ಏಳು ಸುತ್ತನ್ನೂ ಒಬ್ಬನೇ ಪಾಳೆಯಗಾರ ಒಂದೇ ಬೆಳಿಗ್ಗೆ ಗೆರೆ ಎಳೆದು ಕಟ್ಟಿಸಲಿಲ್ಲ. ಯಾರೋ ಬಂದು ಮುತ್ತಿದ್ದಕ್ಕೆ ಒಂದು ಸುತ್ತು, ಮತ್ತ್ಯಾರೋ ಬರಬಹುದೆಂದು ಇನ್ನೊಂದು. ಪೆಟ್ಟು ಬಿದ್ದಷ್ಟೂ ಹಿಗ್ಗಿದ ಕೋಟೆ. ಆದರೆ ಕೋಟೆ ಹೊರಕ್ಕೆ ಹಿಗ್ಗಿತು, ಎಂಜಿನ್ನು ಒಳಗಿಂದೊಳಗೇ ಹಿಗ್ಗುತ್ತದೆ. ಹೊರಗಿನಿಂದ ನೋಡಿದವನಿಗೆ ಏನೂ ಗೊತ್ತಾಗುವುದಿಲ್ಲ.

ಈ ಗೊತ್ತಾಗದಿರುವುದೇ ನನಗೆ ಸಂಕಟವಾಯಿತು. ವಾಕಿಂಗಿಗೆ ಬರುವ ಗೆಳೆಯರಿಗೆಲ್ಲ "ಎಂಜಿನ್ ದೊಡ್ಡದು ಮಾಡಿಸ್ತಿದೀನಿ" ಎಂದು ಡಂಗುರ ಹೊಡೆದೆ. ಎಷ್ಟು ದೊಡ್ಡದು ಎಂದು ಯಾರೋ ಕೇಳಿದರು. ಗಣಿತದ ಮೇಷ್ಟ್ರಲ್ಲವೆ? ಮನೆಗೆ ಬಂದು ಸಿಲಿಂಡರಿನ ಘನಫಲದ ಸೂತ್ರ ಹಾಕಿ ಲೆಕ್ಕ ಮಾಡಿದೆ. ಎರಡು ಮಿಲಿಲೀಟರಿಗೆ ತುಸು ಕಡಿಮೆ ಬಂತು. ತಪ್ಪಿರಬೇಕೆಂದು ಮತ್ತೆ ಮಾಡಿದೆ. ಅಷ್ಟೇ ಬಂತು. ಅಂದರೆ ಅರ್ಧ ಚಮಚಕ್ಕೂ ಕಮ್ಮಿ. ಶಾರದ ಇಣುಕಿ ನೋಡಿ, "ಮಗೂಗೆ ಕೆಮ್ಮಿನ ಔಷಧಿ ಇಷ್ಟೇ ಕೊಡೋದು" ಎಂದಳು. ಆಮೇಲೆ ಗೆಳೆಯರ ಮುಂದೆ ಈ ವಿಷಯ ಎತ್ತಲಿಲ್ಲ.

ಗಾಡಿ ಸಿದ್ಧವಾಯಿತು. ಒದ್ದರೆ ಒಂದೇ ಏಟಿಗೆ ಎದ್ದಿತು. ನಾನು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ತಿಪ್ಪೇಸ್ವಾಮಿ ಕೈ ಒರೆಸಿಕೊಳ್ಳುತ್ತಾ ಶಾಸನ ಓದಿದ. "ಐನೂರು ಕಿಲೋಮೀಟರ್ ತನಕ ನಲವತ್ತು ದಾಟಂಗಿಲ್ಲ. ಹಿಂದೆ ಯಾರನ್ನೂ ಕುಂದ್ರಿಸಂಗಿಲ್ಲ. ಬೇರೆಯೋರ ಕೈಗೆ ಕೊಡಂಗಿಲ್ಲ. ಹೊಸ ಪಿಸ್ಟನ್ನು, ಹೊಸ ಗೋಡೆ, ಒಂದಕ್ಕೊಂದು ಒಗ್ಗಬೇಕು. ಮೈಮೇಲೆ ಬಿದ್ದಂಗೆ ಓಡ್ಸಿದ್ರೆ ಪಿಸ್ಟನ್ ಕಾದು ಉಬ್ಬಿ ಗೋಡೇಗೆ ಹಿಡ್ಕಂತೈತೆ."

ಐನೂರು ಕಿಲೋಮೀಟರು! ಕೋಡಿ ಅಷ್ಟು ದಿನ ಕಾಯುತ್ತದೆಯೇ? ಮಾವನಿಗೆ ಹೇಳಿದಾಗ ಅವರು ಹಲ್ಲಿಲ್ಲದ ಬಾಯಲ್ಲಿ ನಕ್ಕರು. "ಐನೂರಾ? ಅಷ್ಟರೊಳಗೆ ಕೋಡೀನೂ ನಿಲ್ತೈತೆ, ನಾನೂ ನಿಲ್ತೀನಿ." ನಗುತ್ತಲೇ ಹೇಳಿದರು.

ಲೆಕ್ಕ ಹಾಕಿದೆ. ದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಮತ್ತೆ ದುರ್ಗ: ಮೂರು ಸುತ್ತು ಹೊಡೆದರೆ ಐನೂರರ ಆಸುಪಾಸು. ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು ಹೊರಟೆ. ನಲವತ್ತರಲ್ಲಿ ಹೋಗುವುದೆಂದರೇನು ಎಂದು ಗೊತ್ತಿರದಿದ್ದರೆ ಕೇಳಿ: ಈರುಳ್ಳಿ ತುಂಬಿದ ಟ್ರ್ಯಾಕ್ಟರು ನಿಮ್ಮನ್ನು ಹಿಂದೆ ಹಾಕುತ್ತದೆ. ಕುರಿ ತುಂಬಿದ ಪಿಕಪ್ಪು ಹಿಂದೆ ಹಾಕುತ್ತದೆ. ಕುರಿಗಳು ತಿರುಗಿ ನಿಮ್ಮನ್ನು ಕನಿಕರದಿಂದ ನೋಡುತ್ತವೆ. ಹೊಳಲ್ಕೆರೆ ದಾಟಿದಲ್ಲಿ ಒಬ್ಬ ಪುಣ್ಯಾತ್ಮ ಪಕ್ಕದಲ್ಲೇ ಸ್ಕೂಟರ್ ಓಡಿಸುತ್ತಾ, "ಯಾಕ್ ಯಜಮಾನ್ರೇ, ಪೆಟ್ರೋಲ್ ಖಾಲಿನಾ? ಕಾಲು ಕೊಟ್ಟು ನೂಕ್ಲಾ?" ಎಂದು ಕೇಳಿದ. ನನ್ನ ಬಲಗೈ ಬೆವರುತ್ತಿತ್ತು. ಒಳಗಿನಿಂದ ಯಾರೋ ಜಗ್ಗು, ಜಗ್ಗು ಎನ್ನುತ್ತಿದ್ದರು. ಹಲ್ಲು ಕಚ್ಚಿ ಮೊದಲನೇ ಸುತ್ತು ಮುಗಿಸಿದೆ.

ಎರಡನೇ ಸುತ್ತಿನಲ್ಲಿ ಹಿರಿಯೂರಿನ ಹೋಟೆಲಿನಲ್ಲಿ ಚಹಾ ಕುಡಿಯುವಾಗ ಪಕ್ಕದ ಮೇಜಿನವರು ಮಾತಾಡಿಕೊಂಡರು: ಒಳಹರಿವು ಇಳಿದಿದೆ, ಕೋಡಿ ಇನ್ನು ಒಂದು ವಾರವೂ ಇರಲಿಕ್ಕಿಲ್ಲ. ಚಹಾ ಅರ್ಧಕ್ಕೆ ಬಿಟ್ಟೆ. ಹೆದ್ದಾರಿ ಹತ್ತಿದೆ. ನಲವತ್ತೈದು ಹೋದರೆ ಏನಾಗುತ್ತದೆ ಎಂದುಕೊಂಡೆ. ಏನೂ ಆಗಲಿಲ್ಲ. ಐವತ್ತೈದು, ಅರವತ್ತು. ಗುಡ್ಡದ ಮೇಲಿನ ಗಾಳಿಗಿರಣಿಗಳು ಹಿಂದಕ್ಕೆ ಸರಿಯತೊಡಗಿದವು. ಎಪ್ಪತ್ತೈದು! ಅಯ್ಯೋ, ಆ ಸುಖವೇ! ಐಮಂಗಲದ ಹತ್ತಿರ ಎಂಜಿನ್ನಿನ ದನಿ ಒಮ್ಮೆಲೇ ಬಿಗಿಯಿತು, ಹಿಂದಿನ ಚಕ್ರ ತಿರುಗುವುದನ್ನೇ ನಿಲ್ಲಿಸಿ ಟಾರಿನ ಮೇಲೆ ಕಿರುಚಿತು. ಹೇಗೋ ಕ್ಲಚ್ ಹಿಡಿದು ಬದಿಗೆ ಬಂದೆ. ಜಾಲಿ ಮರದ ನೆರಳಲ್ಲಿ ಅರ್ಧ ಗಂಟೆ ಕುಳಿತೆ. ಬೇರೆ ದಾರಿ ಇರಲಿಲ್ಲ.

ಗಾಡಿ ಆರಿದ ಮೇಲೆ ಮತ್ತೆ ಎದ್ದಿತು, ಆದರೆ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಸದ್ದು. ಗ್ಯಾರೇಜಿಗೆ ಹೋಗಿ ಅರವತ್ತು ವರ್ಷ ದಾಟಿದ ನಾನು ಹಸಿ ಸುಳ್ಳು ಹೇಳಿದೆ. "ನಲವತ್ತು ದಾಟಿಲ್ಲಪ್ಪ." ತಿಪ್ಪೇಸ್ವಾಮಿ ಎಂಜಿನ್ ಬಿಚ್ಚಿ, ಪಿಸ್ಟನ್ ತೆಗೆದು ನನ್ನ ಮುಂದೆ ಹಿಡಿದ. ಬೆಕ್ಕು ಪರಚಿದಂಥ ಉದ್ದ ಗೆರೆಗಳು. "ಮೇಷ್ಟ್ರೇ, ಇದು ನಿಮ್ಮ ಹಂಗೆ ಸುಳ್ಳು ಹೇಳಲ್ಲ" ಎಂದ. ತಲೆ ತಗ್ಗಿಸಿದೆ. ನನ್ನ ವಿದ್ಯಾರ್ಥಿಗಳು ತಗ್ಗಿಸುತ್ತಿದ್ದದ್ದು ಹೀಗೆಯೇ ಎಂದು ನೆನಪಾಯಿತು.

ನನ್ನ ಮುಖ ನೋಡಿ ಅವನಿಗೆ ಕನಿಕರ ಬಂತೇನೋ. ತಗಡಿನ ಡಬ್ಬಿಯಿಂದ ಈ ಹಿಂದೆ ತೆಗೆದಿದ್ದ ಮಾವನ ಕಾಲದ ಪಿಸ್ಟನ್ ಹುಡುಕಿ, ನೆತ್ತಿಯ ಮಸಿ ಒರೆಸಿ ತೋರಿಸಿದ. ಅಲ್ಲೊಂದು ಅಂಕಿಯ ಅಚ್ಚಿತ್ತು. "ಇದು ಎರಡನೇ ಸೈಜು. ಅಂದ್ರೆ ನಿಮ್ಮ ಮಾವನೋರು ಎರಡು ಸಲ ಬೋರ್ ಮಾಡ್ಸವ್ರೆ. ಮೊದಲನೇದು ನಮ್ಮಪ್ಪನೇ ಮಾಡಿದ್ದು, ಸಾಯೋ ತನಕ ಹೇಳಿ ನಗ್ತಿದ್ದ. ಹೊಸ ಗಾಡಿ ತಂದ ಎಂಟನೇ ದಿನಕ್ಕೇ ಎತ್ತಿನ ಗಾಡೀಲಿ ಹಾಕ್ಕಂಡು ಬಂದ್ರಂತೆ. ಹೊಸದುರ್ಗಕ್ಕೆ ಹೆಣ್ಣು ನೋಡಕ್ಕೆ ಹೋಗ್ವಾಗ ಜಗ್ಗವ್ರೆ, ಹಿಡ್ಕಂಡೈತೆ."

ನಲವತ್ತರ ಮೇಲೆ ಓಡಿಸದ ಮಹಾನುಭಾವರು! ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. ನಾಲ್ಕು ಸೈಜಿನಲ್ಲಿ ಎರಡು ಅವರ ಕಾಲದಲ್ಲೇ ಹೋಗಿದ್ದವು, ಮೂರನೆಯದು ನನ್ನ ಆತುರಕ್ಕೆ. ಉಳಿದದ್ದು ಒಂದು. ಅದೇ ಕೊನೆ.

ತಿಪ್ಪೇಸ್ವಾಮಿ ಎರಡು ದಿನದಲ್ಲಿ ಆ ಕೊನೆಯ ಸೈಜನ್ನೂ ಹಾಕಿದ. ಮತ್ತೆ ಐನೂರು ಎಂದ. ನಾನು ಕೋಡಿಯ ವಿಷಯ, ಮಾವನ ವಿಷಯ ಎಲ್ಲ ಹೇಳಿದೆ. ಕಿವಿಯ ಹಿಂದಿನ ಸ್ಕ್ರೂಡ್ರೈವರ್ ತೆಗೆದು ಬೆರಳಲ್ಲಿ ತಿರುಗಿಸುತ್ತಾ ಯೋಚಿಸಿದ. "ಹೋಗ್ರಿ. ಆದ್ರೆ ಮೂವತ್ತು ದಾಟಬ್ಯಾಡ್ರಿ. ಹತ್ತು ಕಿಲೋಮೀಟರಿಗೊಂದ್ಸಲ ನಿಲ್ಸಿ. ಸಿಲಿಂಡರಿನ ಹೊರಗಿನ ರೆಕ್ಕೆ ಮ್ಯಾಲೆ ಅಂಗೈ ಇಟ್ಟು ಹತ್ತು ಎಣಿಸಕ್ಕಾದ್ರೆ ಮಾತ್ರ ಹೊರಡ್ರಿ. ಈ ಸಲ ಹಿಡ್ಕಂಡ್ರೆ ಗುಜರೀಗೇ ಸೈ."

ಮಾವನ ಮನೆಗೆ ಹೋಗಿ ಎಲ್ಲ ಒಪ್ಪಿಕೊಂಡೆ. ಕೊನೆಗೆ, "ಹೊಸದುರ್ಗದ ದಾರೀಲಿ ಏನೋ ಆಗಿತ್ತಂತಲ್ಲ ಮಾವ?" ಎಂದೆ. ಮಾವ ಕೆಮ್ಮಿದರು. ಒಳಗಿನಿಂದ ಅವರ ಹೆಂಡತಿ ಗೌರತ್ತೆ ಉತ್ತರ ಕೊಟ್ಟರು: "ಹೊತ್ತು ಮುಳುಗೋ ಟೈಮಿಗೆ ಬಂದ್ರು ಕಣಪ್ಪ, ಮೈಯೆಲ್ಲ ಮಸಿ. ಗಂಡು ಬರ್ಲಿಲ್ಲ, ಮೆಕ್ಯಾನಿಕ್ ಬಂದವ್ನೆ ಅಂತ ನಾನು ನೀರು ಕೊಟ್ಟು ಕಳಿಸ್ತಿದ್ದೆ." ಮಾವ ಕಂಬಳಿ ಕೊಡವಿ ಎದ್ದರು. "ಮಾತು ಸಾಕು. ನಡಿ ಹೋಗಾಣ."

ಕಂಬಳಿಯನ್ನೇ ನಾಲ್ಕು ಮಡಿಕೆ ಮಾಡಿ ಹಿಂದಿನ ಸೀಟಿಗೆ ಹಾಸಿ ಕೂರಿಸಿದೆ. ಮೂವತ್ತರಲ್ಲಿ ಹೊರಟೆವು. ಹತ್ತು ಕಿಲೋಮೀಟರಿಗೆ ನಿಲ್ಲಿಸಿದಾಗ ಅಂಗೈ ಇಡುವ ಕೆಲಸ ತಮ್ಮದೇ ಎಂದರು ಮಾವ. ಇಟ್ಟವರೇ, "ಒಂದೆರಡ್ಮೂರ್ನಾಕೈದಾರೇಳೆಂಟೊಂಬತ್ತತ್ತು! ನಡಿಯಲೇ!" ಎಂದು ಕೈ ಕೊಡವಿಕೊಂಡರು. ಅಂಗೈ ಕೆಂಪಗಾಗಿತ್ತು. ನನ್ನ ಕಾಯಿಲೆ ಯಾವ ಮನೆಯಿಂದ ಬಂದದ್ದೆಂದು ಆಗ ಖಾತ್ರಿಯಾಯಿತು. ಅಮ್ಮನ ಕಡೆಯದು. ಮುಂದಿನ ನಿಲ್ದಾಣಗಳಲ್ಲಿ ನಾನೇ ನಿಧಾನವಾಗಿ ಎಣಿಸಿದೆ, ಅವರು ಕೈ ಇಟ್ಟರು. ಗಾಡಿ ಆರುವ ತನಕ ಮಾವ ರಸ್ತೆಗೆ ಮುಖ ಮಾಡಿ ಚಡಪಡಿಸುತ್ತಿದ್ದರು. ನಾನು ಅವರ ಪಕ್ಕ ನಿಂತು ಚಡಪಡಿಸುತ್ತಿದ್ದೆ. ಬೆಳಿಗ್ಗೆ ಹೊರಟವರು ಊಟದ ಹೊತ್ತು ಮೀರಿದ ಮೇಲೆ ಮಾರಿಕಣಿವೆ ಮುಟ್ಟಿದೆವು.

ಗಾಡಿ ಆಫ್ ಮಾಡಿದೆ. ಒಂದು ಕ್ಷಣ ಏನೂ ಕೇಳಿಸಲಿಲ್ಲ. ಕೋಡಿ ನಿಂತೇಹೋಯಿತೇ ಎಂದುಕೊಂಡೆ. ಆಮೇಲೆ ಕಿವಿಯೊಳಗಿನ ಎಂಜಿನ್ನಿನ ಗುಂಗು ಇಳಿದು, ಅದರ ಕೆಳಗಿನಿಂದ ನೀರಿನ ಸದ್ದು ಮೇಲಕ್ಕೆ ಬಂತು. ಸಣ್ಣಗಾಗಿತ್ತು, ಆದರೂ ಬೀಳುತ್ತಿತ್ತು. ಮಾವ ಕಣ್ಣೆರಡನ್ನೂ ಬಿಗಿಯಾಗಿ ಮುಚ್ಚಿಕೊಂಡರು. ಕಾಣದ ಕಣ್ಣನ್ನು ಯಾಕೆ ಮುಚ್ಚಿದರೋ ಗೊತ್ತಿಲ್ಲ. ನಾನು ಅವರ ಕೈ ಹಿಡಿದು ಒಂದು ಬಂಡೆಯ ಮೇಲೆ ಕೂರಿಸಿ, ಗಾಡಿಯನ್ನು ಪಕ್ಕದಲ್ಲೇ ತಂದು ನಿಲ್ಲಿಸಿದೆ.

ಹತ್ತು ನಿಮಿಷ ಆಯಿತು. ಅರ್ಧ ಗಂಟೆ ಆಯಿತು. ಬುತ್ತಿ ತಿಂದೆವು. ಇನ್ನೂ ಅರ್ಧ ಗಂಟೆ. ನನ್ನ ಕಾಲು ತಾನಾಗಿ ಅಲುಗತೊಡಗಿತು. ನೀರು ಬೀಳುತ್ತಿದೆ, ಸರಿ, ಕೇಳಿದ್ದಾಯಿತು, ಸರಿ, ಮೂವತ್ತರಲ್ಲಿ ಊರು ಸೇರಬೇಕು. ತಡೆಯಲಾರದೆ ಹೇಳಿದೆ, "ಮಾವ, ಗಾಡಿ ಆರಿರಬೇಕು. ಹೊರಡಾಣ್ವಾ?"

ಮಾವ ಬಗ್ಗಿ, ತಡವಿ, ಸಿಲಿಂಡರಿನ ಮೇಲೆ ಅಂಗೈ ಇಟ್ಟರು. ಎಣಿಸಲಿಲ್ಲ. ತಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡು, "ಅಬ್ಬಬ್ಬಾ, ಇನ್ನೂ ಸುಡ್ತೈತೆ ಕಣಲೇ. ಕುಂತ್ಕ" ಎಂದರು.

ನಾನೂ ಅಂಗೈ ಇಟ್ಟು ನೋಡಿದೆ. ಕಬ್ಬಿಣ ತಣ್ಣಗೆ ಕೊರೆಯುತ್ತಿತ್ತು.

"ಹೌದು ಮಾವ, ಸುಡ್ತೈತೆ" ಎಂದು ಅವರ ಪಕ್ಕದಲ್ಲಿ ಕುಳಿತೆ.