ಸನ್ಮಾನದ ಶಾಲು ಮತ್ತು ಹೊಂಬಳ ಬಸ್ಸಿನ ಸೀಟು

ಕಳೆದ ಗುರುವಾರ ಗದಗ ಬಸ್ ಸ್ಟ್ಯಾಂಡಿನಲ್ಲಿ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಎಲ್ಲರೆದುರು ನನ್ನ ಮಾನ ಕಳೆದಳು. ಅದೂ ನಾನೇ ಕಲಿಸಿಕೊಟ್ಟ ವಿಧಾನದಲ್ಲಿ.

ಅಂದು ಬೆಳಿಗ್ಗೆ ಹೈಸ್ಕೂಲೊಂದರಲ್ಲಿ ನನ್ನ ಭಾಷಣವಿತ್ತು. ದೊಡ್ಡ ಮಕ್ಕಳು ಚಿಕ್ಕವರನ್ನು ಕಾಡುವುದನ್ನು ತಡೆಯುವುದು ಹೇಗೆ ಎಂಬ ವಿಷಯ. (ಬುಲ್ಲಿಯಿಂಗ್ ಅಂತಾರಲ್ಲ, ಅದೇ.) ನಾನೇ ಯಾಕೆ? ಬರಬೇಕಿದ್ದ ಡಾಕ್ಟರು ಬರಲಿಲ್ಲ. ವಾರವಾರ ಪೇಪರಿನಲ್ಲಿ ಬರೆಯುವ ಹೆಂಗಸಿಗೆ ಎಲ್ಲವೂ ಗೊತ್ತಿರುತ್ತದೆಂದು ಹೆಡ್ಮಾಸ್ತರು ನಂಬಿದ್ದಾರೆ. ಆ ನಂಬಿಕೆಗೆ ಧಕ್ಕೆ ತರಲು ನಾನೂ ಹೋಗಲಿಲ್ಲ.

ಮೊಬೈಲ್ ನೋಡಿಕೊಂಡು ಮೂರು ಸೂತ್ರ ಹೇಳಿದೆ. ಯಾರಾದರೂ ಕಾಡಿದರೆ ಅಂಗೈ ಮುಂದೆ ಚಾಚಬೇಕು. ಒಂದು ಹೆಜ್ಜೆ ಹಿಂದೆ ಸರಿಯಬೇಕು. ಗಟ್ಟಿ ದನಿಯಲ್ಲಿ "ಬ್ಯಾಡ್ರಿ, ನನಗ ಇದು ಸೇರೂದಿಲ್ಲ" ಎಂದು ಮೂರು ಸಲ ಹೇಳಬೇಕು. ಇಡೀ ಶಾಲೆ ಒಟ್ಟಿಗೆ ಪ್ರಾಕ್ಟೀಸ್ ಮಾಡಿತು. ಬಿಸಿಯೂಟದ ಅಕ್ಕ, ತನ್ನ ಸಾರಿನ ಬಗ್ಗೆಯೇ ಕೂಗುತ್ತಿದ್ದಾರೆಂದು ತಿಳಿದು ಸೌಟು ಹಿಡಿದೇ ಓಡಿಬಂದರು. ಅವರನ್ನು ಸಮಾಧಾನ ಮಾಡಿ, ನನಗೊಂದು ಶಾಲು ಹೊದಿಸಿ ಕಳಿಸಿದರು.

ಸಂಜೆ ಹೊಂಬಳಕ್ಕೆ, ಅಕ್ಕನ ಮನೆಗೆ ಹೊರಟೆ. ನಮ್ಮ ಕಡೆಯ ಬಸ್ಸಿನ ಕಾನೂನು ನಿಮಗೆ ಗೊತ್ತೇ ಇದೆ. ಸೀಟು ಮೊದಲು ಕುಳಿತವರದಲ್ಲ, ಮೊದಲು ಬಟ್ಟೆ ಹಾಕಿದವರದು. ಟವೆಲ್ಲೋ, ದಸ್ತಿಯೋ (ಕರ್ಚೀಫು ಅಂತೀರಲ್ಲ, ಅದೇ) ಬಿದ್ದಿದ್ದರೆ ಮುಗಿಯಿತು, ಯಾರೂ ಮುಟ್ಟುವುದಿಲ್ಲ. ನನಗೋ ಮೊಣಕಾಲು ನೋವು. ನುಗ್ಗುವ ಶಕ್ತಿಯಿಲ್ಲ.

ಬಸ್ಸು ಬಂತು. ಅದೇ ಶಾಲೆಯ ಹತ್ತನೇ ಕ್ಲಾಸಿನ ನಾಲ್ವರು ಹುಡುಗಿಯರು ತಮ್ಮ ದಸ್ತಿಗಳನ್ನು ಎಂಟನೇ ಕ್ಲಾಸಿನ ಒಬ್ಬ ಸಣಕಲು ಹುಡುಗಿಯ ಕೈಗೆ ತುರುಕಿದರು.

"ನುಗ್ಗಲೇ ರೇಷ್ಮಾ, ಜಲ್ದಿ."

ನಾನು ತಡೆದೆನೇ? ಇಲ್ಲ. ಎಂಥ ಒಳ್ಳೆಯ ವ್ಯವಸ್ಥೆ ಅನ್ನಿಸಿತು. ಹೆಗಲ ಮೇಲಿದ್ದ ಸನ್ಮಾನದ ಶಾಲು ತೆಗೆದು ನಾನೂ ಅವಳ ಕೈಗಿಟ್ಟೆ.

"ನನಗೂ ಒಂದು ಹಿಡಿಯವ್ವಾ. ಕಿಡಕಿ ಕಡೆ ಆದ್ರ ಚಲೋ."

ರೇಷ್ಮಾ ಶಾಲು ನೋಡಿದಳು. ನನ್ನನ್ನು ನೋಡಿದಳು. ಶಾಲನ್ನು ವಾಪಸ್ ನನ್ನ ಕೈಗಿಟ್ಟು ಅಂಗೈ ಚಾಚಿದಳು. ಒಂದು ಹೆಜ್ಜೆ ಹಿಂದೆ ಸರಿದಳು. (ಹಿಂದಿದ್ದವರ ಕಾಲು ತುಳಿದಳು. ಸೂತ್ರದಲ್ಲಿ ಅದಿರಲಿಲ್ಲ.)

"ಬ್ಯಾಡ್ರಿ, ನನಗ ಇದು ಸೇರೂದಿಲ್ಲ."

ಮೂರು ಸಲ. ಮೂರನೆಯದು ಆಚೆ ತುದಿಯ ಮಂಡಕ್ಕಿ ಗಿರ್ಮಿಟ್ ಗಾಡಿಯವರೆಗೂ ಕೇಳಿಸಿತು.

"ಏನ್ ಮಾಡಿದ್ರಿ ಅಕ್ಕಾರ, ಆ ಹುಡಿಗಿಗೆ?" ಕಂಡಕ್ಟರ್ ಕೇಳಿದರು. ನನಗೆ ಎಲ್ಲಿ ಅಡಗಿಕೊಳ್ಳಲಿ ಅನ್ನಿಸಿತು.

"ದಿನಾ ನಾಕು ಸೀಟ್ ಹಿಡೀತೀನ್ರಿ ಮೇಡಂ. ನಾ ಒಂದ್ ದಿನಾನೂ ಕುಂತಿಲ್ಲ" ಎಂದಳು ರೇಷ್ಮಾ.

"ಹಂಗಾದ್ರ ಅವರಿಗೆ ಹೇಳಬೇಕಲ್ಲವ್ವಾ? ನನಗ್ಯಾಕ?"

"ಅವರು ಬೈತಾರ್ರಿ. ನೀವು ಬೈಯೂದಿಲ್ಲಂತ ಮೊದಲ ನಿಮ್ಮ ಮ್ಯಾಲೆ ಪ್ರಾಕ್ಟೀಸ್ ಮಾಡಿದೆ."

ಆಮೇಲೆ ದೊಡ್ಡ ಹುಡುಗಿಯರ ಕಡೆ ತಿರುಗಿದಳು. ಅಂಗೈ ಚಾಚಿದಳು. ದನಿ ಅರ್ಧಕ್ಕೇ ನಿಂತಿತು. ನನಗೆ ಮೊಣಕಾಲು ನೋವೇ ಮರೆತುಹೋಯಿತು. ಹೇಳಲಿ ದೇವರೇ ಅಂದುಕೊಂಡೆ.

ಹೇಳಿದಳು.

"ನಾವೇನ್ ಹೊಡದೇವೇನಲೇ ನಿನಗ?" ಒಬ್ಬಳು ರೇಗಿದಳು.

"ಹೊಡದಿಲ್ಲ. ಕುಂಡ್ರಾಕೂ ಬಿಟ್ಟಿಲ್ಲ."

ಕಾಡುವುದೆಂದರೆ ಹೊಡೆಯುವುದು, ಬೈಯುವುದು ಅಂತಲೇ ನಾನೂ ಬೆಳಿಗ್ಗೆ ಹೇಳಿಬಂದಿದ್ದೆ. ದಿನಾ ಹೀಗೆ ದುಡಿಸಿಕೊಂಡರೆ? ಅದಕ್ಕೆ ನಾವು 'ಹುಡುಗಿ ಬಲು ಚುರುಕು' ಅಂತ ಹೊಗಳಿ ಸುಮ್ಮನಾಗುತ್ತೇವೆ.

ನಾಲ್ಕೂ ದಸ್ತಿ ಒಡತಿಯರ ಕೈಗೆ ವಾಪಸ್ಸಾದವು. ಅಷ್ಟರಲ್ಲಿ ಬಸ್ಸು ಭರ್ತಿ. ಆರೂ ಜನ ಕಂಬಿ ಹಿಡಿದು ನಿಂತೆವು. ರೇಷ್ಮಾ ಒಬ್ಬಳೇ ನಗುತ್ತಿದ್ದಳು.

"ಇವತ್ತೂ ನಿಂತೆಲ್ಲವ್ವಾ?" ಅಂದೆ.

"ಇವತ್ತ ಅವರೂ ನಿಂತಾರಲ್ರಿ ಮೇಡಂ."

ಅರ್ಧ ದಾರಿಯಲ್ಲಿ ನನ್ನ ಪಕ್ಕದ ಕಿಟಕಿ ಸೀಟು ಖಾಲಿಯಾಯಿತು. ನನ್ನ ಕೈ ತಾನಾಗಿಯೇ ಅದರ ಮೇಲೆ ಶಾಲು ಎಸೆದುಬಿಟ್ಟಿತು. (ಐವತ್ತು ವರ್ಷದ ಚಾಳಿ.) ತಿರುಗಿದರೆ ರೇಷ್ಮಾ ನೋಡುತ್ತಿದ್ದಾಳೆ, ಅಂಗೈ ಮೆಲ್ಲಗೆ ಮೇಲೇಳುತ್ತಿದೆ.

"ನಿನಗಂತನ ಹಿಡದೀನವ್ವಾ, ಕುಂಡ್ರು" ಅಂದೆ.

ಶಾಲಿನ ಮೇಲೆಯೇ ಆರಾಮಾಗಿ ಕುಳಿತಳು.

ನನಗೇ ಅಂತ ಹಿಡಿದಿದ್ದೆ ಎಂಬುದನ್ನು ನೀವ್ಯಾರೂ ಅವಳಿಗೆ ಹೇಳುವುದಿಲ್ಲ ತಾನೇ?